ನೀರಿಲ್ಲದೆ ಕಲ್ಲು ಕೊಯ್ಯಲು ಬಿಡದ ಕಾಕ್ ಸೋಮ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಲಯ ನಾಡಿನ ಇಪೋ ಪಟ್ಟಣದ ಹೊರಗೆ, ಸುಣ್ಣಕಲ್ಲಿನ ಗುಡ್ಡದ ಬುಡದಲ್ಲಿರುವ ಕಲ್ಲಿನ ಅಂಗಳದ ಗೇಟು ಕಿರ್ರೆಂದು ತೆರೆದುಕೊಳ್ಳುತ್ತದೆ. ಸ್ಕೂಟರನ್ನು ಒಳಗೆ ತಳ್ಳಿಕೊಂಡು ಬಂದ ಹೆಂಗಸು ಕಾಫಿಗೆ ನೀರಿಡುವುದಿಲ್ಲ, ದೇಶಾವರಿ ಮಾತಿಗೆ ನಿಲ್ಲುವುದಿಲ್ಲ. ತಲೆವಸ್ತ್ರದ ತುದಿಯನ್ನು ಕೊರಳಿಗೆ ಸಿಕ್ಕಿಸಿಕೊಂಡು ನೇರ ಕೊಯ್ಯುವ ಯಂತ್ರದ ಹತ್ತಿರ ಹೋಗಿ ನಲ್ಲಿ ತಿರುಗಿಸುತ್ತಾರೆ. ಗರಗಸದ ಗಾಲಿಯ ಎರಡೂ ಬದಿಗಿರುವ ಸಣ್ಣ ಕೊಳವೆಗಳಿಂದ ನೀರು ಚಿಮ್ಮುತ್ತದೆ. ಅಂಗೈ ಒಡ್ಡಿ ನೋಡುತ್ತಾರೆ. ಎಡಗಡೆಯ ಕೊಳವೆಯಲ್ಲಿ ನೀರು ಸೊರಗಿದೆ. ತಲೆವಸ್ತ್ರಕ್ಕೆ ಚುಚ್ಚಿದ್ದ ಪಿನ್ನನ್ನೇ ಕಿತ್ತು ಕೊಳವೆಯ ಬಾಯಿ ಕೆದಕಿ, ಕಟ್ಟಿಕೊಂಡಿದ್ದ ಕಲ್ಲಿನ ಕೆಸರು ತೆಗೆದು, ಮತ್ತೆ ಅಂಗೈ ಒಡ್ಡುತ್ತಾರೆ. ಈಗ ಸರಿಯಾಯಿತು ಎನ್ನುವಂತೆ ಪಿನ್ನು ತೊಳೆದು ಮತ್ತೆ ತಲೆವಸ್ತ್ರಕ್ಕೆ ಚುಚ್ಚಿಕೊಳ್ಳುತ್ತಾರೆ.

"ನೀರು ಬಂತು ಅಂದ್ರೆ ಅಂಗಡಿ ತೆಗೀತು ಅಂತ ಲೆಕ್ಕ," ಎನ್ನುತ್ತಾರೆ ಕಲ್ಸೋಮ್. "ನೀರು ಬರ್ಲಿಲ್ಲ ಅಂದ್ರೆ, ತೌಕೆ ಬಂದು ಕುಣಿದ್ರೂ ನಮ್ಮಲ್ಲಿ ಕಲ್ಲು ಕೊಯ್ಯೋದಿಲ್ಲ."

ತೌಕೆ ಎಂದರೆ ಯಜಮಾನ, ಅಂಗಳದ ಒಡೆಯ ಲಾವ್ ಕಾಮ್ ವೆಂಗ್. ಯಜಮಾನರ ಬಗ್ಗೆ ಹೀಗೆ ಎಗ್ಗಿಲ್ಲದೆ ಮಾತಾಡುವ ಈಕೆ ಆ ಅಂಗಳದ ಮ್ಯಾನೇಜರೂ ಅಲ್ಲ, ಪಾಲುದಾರಳೂ ಅಲ್ಲ. ಕಲ್ಲು ಒರೆಸಲು ಬಂದವರು. ಈಗ ಐವತ್ತು ದಾಟಿದ ಅವರನ್ನು ಮಲಯರು, ಚೀನೀಯರು, ತಮಿಳರು ಎಲ್ಲರೂ ಕಾಕ್ ಸೋಮ್ ಎಂದೇ ಕರೆಯುತ್ತಾರೆ. ಕಾಕ್ ಅಂದರೆ ಅಕ್ಕ. ಇಪೋದಲ್ಲಿ ಹೊಸ ಅಡುಗೆಮನೆ ಮಾಡಿಸುವ ಎಷ್ಟೋ ಜನ ತೌಕೆಯ ಹೆಸರು ಕೇಳಿಲ್ಲ, ಅಂಗಡಿಯ ಹೆಸರೂ ನೆನಪಿಲ್ಲ. "ಆ ಅಕ್ಕ ಇದ್ದಾರಲ್ಲ, ಅಲ್ಲಿ" ಎಂದು ವಿಚಾರಿಸಿಕೊಂಡು ಬರುತ್ತಾರೆ.

ಬರುವುದು ಕ್ವಾರ್ಟ್ಸ್ ಕಲ್ಲು ಆರಿಸಲು. ಬೆಣಚುಕಲ್ಲಿನ ಪುಡಿಗೆ ಅಂಟು ಮತ್ತು ಬಣ್ಣ ಬೆರೆಸಿ, ಒತ್ತಿ, ಬೇಯಿಸಿ ಮಾಡಿದ ಚಪ್ಪಡಿ ಇದು. ಗುಡ್ಡ ಒಡೆದು ತಂದದ್ದಲ್ಲ, ಕಾರ್ಖಾನೆಯಲ್ಲಿ ಹುಟ್ಟಿದ್ದು. ಅಮೃತಶಿಲೆಯಂತೆ ಬೇಕೆಂದರೆ ಹಾಗೆ, ಕಪ್ಪು ಎಳ್ಳು ಚೆಲ್ಲಿದಂತೆ ಬೇಕೆಂದರೆ ಹಾಗೆ. ಅಂಗಳದ ಉದ್ದಕ್ಕೂ ಕಬ್ಬಿಣದ ಚೌಕಟ್ಟುಗಳಿಗೆ ಒರಗಿ ನಿಂತ ಚಪ್ಪಡಿಗಳ ನಡುವೆ ಗಿರಾಕಿಗಳು ಮದುವೆ ಸೀರೆ ಆರಿಸುವವರ ಹಾಗೆ ಓಡಾಡುತ್ತಾರೆ.

ಬೆಳಗಿನ ಮೊದಲ ಗಿರಾಕಿಗಳು ಹೊಸದಾಗಿ ಮನೆ ಕೊಂಡ ಗಂಡ ಹೆಂಡತಿ. ಬೂದುಗೆರೆಯ ಬಿಳಿ ಚಪ್ಪಡಿಯ ಮುಂದೆ ಬಂದು ನಿಂತವರು ಅಲ್ಲಿಂದ ಕದಲುತ್ತಿಲ್ಲ. ಕಾಕ್ ಸೋಮ್ ಎಲೆಯಲ್ಲಿ ಕಟ್ಟಿದ ತೆಂಗಿನಹಾಲಿನ ಅನ್ನದ ಪೊಟ್ಟಣ ಬಿಚ್ಚಿಕೊಂಡು ಅವರ ಹತ್ತಿರವೇ ಕೂರುತ್ತಾರೆ.

"ಮನೇಲಿ ಅಡಿಗೆ ಯಾರು ಮಾಡ್ತಾರೆ?"

"ಇಬ್ಬರೂ ಮಾಡ್ತೀವಿ, ಕಾಕ್," ಎನ್ನುತ್ತಾನೆ ಗಂಡ.

"ಇಬ್ಬರೂ ಅಂದ್ರೆ ಯಾರೂ ಇಲ್ಲ ಅಂತ ಅರ್ಥ. ನಿಜ ಹೇಳಿ."

ಹೆಂಡತಿ ನಗುತ್ತಾಳೆ. "ನಮ್ಮತ್ತೆ."

"ಹಂಗಾದ್ರೆ ಅತ್ತೇನ ಕರ್ಕೊಂಡು ಬನ್ನಿ. ಕಲ್ಲು ಎಲ್ಲೂ ಓಡಿ ಹೋಗಲ್ಲ."

ಇದೇನು ಮಾರಾಟ ಮಾಡುವ ರೀತಿಯೇ ಎಂದು ಹೊಸಬರಿಗೆ ಅನುಮಾನ ಬರುತ್ತದೆ. ಬಂದ ಗಿರಾಕಿಯನ್ನು ವಾಪಸು ಕಳಿಸುವುದನ್ನು ಕಂಡು ತೌಕೆ ಮೊದಮೊದಲು ಹಲ್ಲು ಕಡಿಯುತ್ತಿದ್ದರಂತೆ. ಈಗ ಪತ್ರಿಕೆ ಅಡ್ಡ ಹಿಡಿದುಕೊಂಡು ಸುಮ್ಮನಾಗುತ್ತಾರೆ. ಅತ್ತೆ ಬಂದರೆ ಕಾಕ್ ಸೋಮ್ ಕೇಳುವ ಪ್ರಶ್ನೆಗಳಲ್ಲಿ ಬಣ್ಣದ ಮಾತೇ ಇರುವುದಿಲ್ಲ. ಕಾದ ಬಾಣಲೆಯನ್ನು ಒಲೆಯಿಂದ ಇಳಿಸಿ ಎಲ್ಲಿ ಇಡುತ್ತೀರಿ? ಮೆಣಸಿನಕಾಯಿ ಕುಟ್ಟುವ ಕಲ್ಲು ಎಲ್ಲಿರುತ್ತದೆ? ಮೀನು ಎಲ್ಲಿ ಹೆಚ್ಚುತ್ತೀರಿ? ಹಿಂದಿನ ಬಯಲು ಅಡುಗೆಮನೆಗೆ ಬಿಸಿಲು ಬೀಳುತ್ತದೆಯೇ? ಬಿಸಿಲು ಬೀಳುತ್ತದೆ ಎಂದರೆ, "ಅಲ್ಲಿಗೆ ಇದು ಬೇಡ. ಅಂಟು ಬಿಸಿಲಿಗೆ ಹಳದಿ ತಿರುಗುತ್ತೆ. ಮುಂದಿನ ಬೀದೀಲಿ ಗ್ರಾನೈಟ್ ಅಂಗಡಿ ಇದೆ, ಹೋಗಿ," ಎಂದು ಕೈ ತೋರಿಸುತ್ತಾರೆ. ಬಾಣಲೆ ನೇರವಾಗಿ ಕಟ್ಟೆ ಮೇಲೆ ಇಡುವ ಪೈಕಿ ಎಂದರೆ, ಸುಟ್ಟ ಕಲೆ ಕೂತ ಒಂದು ತುಂಡನ್ನು ತಂದು ಮಡಿಲಲ್ಲಿ ಇಡುತ್ತಾರೆ. ಆ ಕಲೆ ತಿಕ್ಕಿದರೆ ಹೋಗುವಂಥದ್ದಲ್ಲ ಎಂದು ಗೊತ್ತಾದ ಮೇಲೆ ಮರದ ಮಣೆ ಇಟ್ಟುಕೊಳ್ಳದ ಹೆಂಗಸಿಲ್ಲ.

ಬಣ್ಣದ ಮಾತು ಬರುವುದು ಕೊನೆಗೆ. ಆಗಲೂ ಬಾಯಿಮಾತಿಲ್ಲ. ಕೊಯ್ದು ಉಳಿದ ಚೂರುಗಳನ್ನು ಚೀಲದಲ್ಲಿ ಹಾಕಿ ಮನೆಗೆ ಕಳಿಸುತ್ತಾರೆ. ಅರಿಶಿನ ಹಚ್ಚಿ, ಕಾಫಿ ಚೆಲ್ಲಿ, ರಾತ್ರಿಯೆಲ್ಲ ಬಿಟ್ಟು, ನಿಮ್ಮ ಕಿಟಕಿಯ ಬೆಳಕಿನಲ್ಲೇ ನೋಡಿ ಎನ್ನುತ್ತಾರೆ. ಕನ್ನಡಿಯಂಥ ಹೊಳಪು ಬಿಟ್ಟು ಮಂಕು ಕಲ್ಲು ಬೇಕೆಂದು ಹಠ ಹಿಡಿದ ಒಬ್ಬಾಕೆ ಎರಡೇ ದಿನಕ್ಕೆ ಚೂರು ವಾಪಸು ತಂದಳಂತೆ, ಎಣ್ಣೆಗೈಯ ಅಚ್ಚೆಲ್ಲ ಎದ್ದು ಕಾಣುತ್ತದೆ ಎಂದು. ಬಚ್ಚಲಿಗೆ ಇಷ್ಟೊಂದು ತಕರಾರಿಲ್ಲ. "ಬಚ್ಚಲಿಗೆ ಯಾವ್ದಾದ್ರೂ ತಗೊಳ್ಳಿ. ಆದ್ರೆ ಮನೇಲಿ ಕೂದಲಿಗೆ ಬಣ್ಣ ಹಚ್ಕೊಳ್ಳೋ ಗಂಡಸಿದ್ರೆ ಬಿಳಿ ಬೇಡ," ಎನ್ನುತ್ತಾರೆ. ಗಂಡಂದಿರು ಅತ್ತ ತಿರುಗಿ ಗುಡ್ಡ ನೋಡುತ್ತಾರೆ.

ಇಷ್ಟಾದರೂ ಮುಂಗಡ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಕಟ್ಟಳೆ ಇದೆ. ಒಲೆ ಮತ್ತು ಸಿಂಕು ಅಂಗಳಕ್ಕೆ ಬರಬೇಕು. ಚಿತ್ರವಲ್ಲ, ಅಳತೆಯಲ್ಲ, ಸಾಕ್ಷಾತ್ ಒಲೆ. ಹಾಗಾಗಿ ಶನಿವಾರ ಬಂದರೆ ಗೇಟಿನ ಮುಂದೆ ನಿಂತ ಕಾರುಗಳ ಡಿಕ್ಕಿಯಲ್ಲಿ ಗ್ಯಾಸ್ ಒಲೆ, ಸಿಂಕು, ನಲ್ಲಿ, ಒಮ್ಮೊಮ್ಮೆ ದೊಡ್ಡ ಬಾಣಲೆ ಕೂಡ ಕಾಣುತ್ತವೆ. ಚೀನೀಯರ ಮನೆಯಾದರೆ ಮತ್ತೂ ಒಂದು ಪ್ರಶ್ನೆ: "ಸಿನ್ಸೆ ನೋಡಿ ಆಯ್ತಾ?" ಸಿನ್ಸೆ ಎಂದರೆ ಅವರ ವಾಸ್ತು ನೋಡುವ ಹಿರಿಯ. ಆತನ ಅಳತೆ ಟೇಪಿನಲ್ಲಿ ಕೆಂಪು ಮನೆಗಳು, ಕಪ್ಪು ಮನೆಗಳು ಇರುತ್ತವೆ, ಒಂದೊಂದರಲ್ಲೂ ಒಂದೊಂದು ಫಲ ಬರೆದಿರುತ್ತದೆ. ಕಟ್ಟೆಯ ಉದ್ದ ಕೆಂಪಿನ ಮೇಲೆ ನಿಂತರೆ ಶುಭ, ಕಪ್ಪಿನ ಮೇಲೆ ನಿಂತರೆ ಅಶುಭ. ಅಂಥದ್ದೇ ಒಂದು ಟೇಪು ಕಾಕ್ ಸೋಮ್ ಅವರ ಸೊಂಟದಲ್ಲೂ ಇದೆ. ಐದು ಹೊತ್ತು ನಮಾಜು ಮಾಡುವವರಿಗೆ ಇದೇಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ. "ನಂಬೋದು ಅವ್ರ ಕೆಲಸ, ಅಳೆಯೋದು ನನ್ ಕೆಲಸ. ಅವ್ರ ಮನೇಲಿ ಅವ್ರು ನಿದ್ದೆ ಮಾಡ್ಬೇಕು, ನಾನಲ್ಲ."

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ? ಆ ಉತ್ತರ ಅಂಗಳದಲ್ಲಿಲ್ಲ, ಮನೆಯಲ್ಲಿದೆ.

ಗಂಡ ಝೈಲಾನಿ ಇದೇ ಅಂಗಳದಲ್ಲಿ ಕಲ್ಲು ಕೊಯ್ಯುತ್ತಿದ್ದವರು. ಆಗ ಅಮೃತಶಿಲೆ ಹೋಗಿ ಕ್ವಾರ್ಟ್ಸ್ ಬಂದ ಹೊಸತು. ಕೊಯ್ಯುವವರಿಗೆ ಎರಡೂ ಕಲ್ಲೇ. ಆದರೆ ಈ ಕಲ್ಲಿನ ಮೈತುಂಬ ಇರುವುದು ಬೆಣಚಿನ ಪುಡಿ. ಒಣದಾಗಿ ಕೊಯ್ದರೆ ಎದ್ದ ಧೂಳು ಕಣ್ಣಿಗೆ ಕಾಣದಷ್ಟು ನುಣುಪಾಗಿ ಎದೆಗಿಳಿದು ಅಲ್ಲೇ ಕೂರುತ್ತದೆ. ಯಂತ್ರದಲ್ಲಿ ಕೊಯ್ಯುವಾಗ ನೀರು ಇರುತ್ತಿತ್ತು. ಗಂಡಾಂತರ ಇದ್ದದ್ದು ಗಿರಾಕಿಯ ಮನೆಯಲ್ಲಿ. ಕಟ್ಟೆ ಕೂರಿಸಿದ ಮೇಲೆ ಒಲೆ ಬದಲಾಯಿತು, ಸಿಂಕು ದೊಡ್ಡದು ತಂದರು, ನಲ್ಲಿಯ ತೂತು ಇತ್ತ ಬೇಕಿತ್ತು. ಸ್ವಲ್ಪ ಕೊಯ್ದುಬಿಡಿ ಎನ್ನುವುದು, ಝೈಲಾನಿ ಮೂಗಿಗೆ ಟವೆಲು ಕಟ್ಟಿಕೊಂಡು ಕಲ್ಲು ಕೊಯ್ಯುವ ಕೈಗ್ರೈಂಡರ್ ಹಿಡಿಯುವುದು. ನೀರು ಬಿಟ್ಟರೆ ಹೊಸ ಬೀರುಗಳು ಹಾಳಾಗುತ್ತವಲ್ಲ, ಹಾಗಾಗಿ ಒಣದೇ.

"ಪ್ರತಿ ಸಲ ಐದು ನಿಮಿಷದ ಕೆಲಸ ಅಂತಿದ್ರು," ಎನ್ನುತ್ತಾರೆ ಕಾಕ್ ಸೋಮ್. "ಮನೆಗೆ ಬಂದ್ರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ನಾನು ನಗ್ತಿದ್ದೆ, ಮುದುಕ ಆಗ್ಬಿಟ್ರಿ ಅಂತ. ನಗ್ತಿದ್ನಲ್ಲ, ಅದೇ ಈಗ್ಲೂ ಚುಚ್ಚುತ್ತೆ."

ಝೈಲಾನಿ ಓಣಿಯ ಪುಟ್ಟ ಮಸೀದಿಯಲ್ಲಿ ನಸುಕಿನ ಬಾಂಗು ಕೂಗುತ್ತಿದ್ದರು. ಅವರ ದನಿ ಕೇಳಿ ಏಳುತ್ತಿದ್ದವರು ಆ ಓಣಿಯಲ್ಲಿ ಈಗಲೂ ಇದ್ದಾರೆ. ಒಂದು ದಿನ ಬಾಂಗಿನ ಉದ್ದನೆಯ ಸಾಲು ನಡುವೆಯೇ ತುಂಡಾಯಿತು. ಮರುದಿನವೂ ಹಾಗೇ ಆಯಿತು. ಶೀತ ಎಂದುಕೊಂಡರು. ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದು ನೋಡಿದ ಡಾಕ್ಟರು, ಹೋದ ಉಸಿರು ತಿರುಗಿ ಬರುವಂಥದ್ದಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು. ಈಗ ಅವರು ಮಸೀದಿಯ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮನೆಯಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಎರಡು ಕಡೆ ನಿಲ್ಲಬೇಕು.

ಗಂಡನ ಬದಲು ಏನಾದರೂ ಕೆಲಸ ಕೊಡುತ್ತೇನೆಂದು ತೌಕೆ ಕರೆದಾಗ ಕಾಕ್ ಸೋಮ್ ಒರೆಸುವ ಬಟ್ಟೆ ಹಿಡಿದು ಬಂದರು. ಬಂದ ಮೊದಲ ವಾರವೇ ಮನೆಮನೆಗೆ ಹೋಗುತ್ತಿದ್ದ ಕೈಗ್ರೈಂಡರುಗಳನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಕೀಲಿಕೈ ಇಟ್ಟುಕೊಂಡರು. ತೌಕೆ ಕೂಗಾಡಿದರು. ಈಕೆ ಕಲ್ಲು ಒರೆಸುತ್ತಲೇ ಇದ್ದರು. ಆಮೇಲೆ, ಮನೆಯಲ್ಲಿ ಕೊಯ್ಯುವ ಪ್ರಸಂಗವೇ ಬರದಂತೆ ಏನು ಮಾಡಬೇಕು ಎಂದು ಯೋಚಿಸಿದರು. ಗಿರಾಕಿ ಅಂಗಳದಲ್ಲೇ ಸರಿಯಾಗಿ ಆರಿಸಿಕೊಂಡರೆ ಆಮೇಲೆ ಬದಲಾಯಿಸುವ ಮಾತಿರುವುದಿಲ್ಲ. ಒಲೆ ತರಿಸುವುದು, ಅತ್ತೆಯನ್ನು ಕರೆಸುವುದು, ಸಿನ್ಸೆಯನ್ನು ವಿಚಾರಿಸುವುದು ಎಲ್ಲ ಹುಟ್ಟಿದ್ದು ಹಾಗೆ. ಜನ ಇದನ್ನು ಒಳ್ಳೆ ವ್ಯಾಪಾರ ಎಂದುಕೊಂಡಿದ್ದಾರೆ. ಅಸಲು ಇದು ಇನ್ನೊಬ್ಬರ ಎದೆ ಕಾಯುವ ಕೆಲಸ.

ಈಗ ಆ ಎದೆ ಸೆಲ್ಲಮುತ್ತುವಿನದು. ಝೈಲಾನಿಯ ಜಾಗಕ್ಕೆ ಬಂದ ಕೊಯ್ಯುವವ. ಗಟ್ಟಿಮುಟ್ಟಾದ ಆಳು, ಎರಡು ಹೆಣ್ಣುಮಕ್ಕಳ ತಂದೆ, ಬಾಯಿ ಮಾತ್ರ ಬಹಳ ಜೋರು. ಮುಖಕ್ಕೆ ಕಟ್ಟುವ ಕವಚ ಬೆವರಿಗೆ ಅಂಟುತ್ತದೆ ಎಂದು ಬೈಯುತ್ತಾನೆ, ನೀರಲ್ಲಿ ನಿಂತು ಕಾಲು ಬೆಳ್ಳಗಾಯಿತು ಎಂದು ಬೈಯುತ್ತಾನೆ. ಬೇರೆ ಅಂಗಡಿಯವರು ಮನೆಯಲ್ಲೇ ಕೊಯ್ದು ಬೇಗ ಮನೆ ಸೇರುತ್ತಾರೆ, ನಮ್ಮದೇನು ಗ್ರಹಚಾರ ಎಂದು ದಿನಕ್ಕೊಂದು ಸಲವಾದರೂ ಕೇಳುತ್ತಾನೆ. ಕಾಕ್ ಸೋಮ್ ಅದಕ್ಕೆಲ್ಲ ಕಿವಿ ಕೊಡುವುದಿಲ್ಲ.

ಕಟ್ಟಳೆ ಮುರಿಯುವ ಹೊತ್ತು ಬಂದದ್ದು ಈ ಸಲದ ಚೀನೀ ಹೊಸವರ್ಷದ ಮುಂಚೆ. ಗಿರಾಕಿ ಚೂಯಿ ಪೆಂಗ್, ಎಲ್ಲರ ಬಾಯಲ್ಲಿ ಚೂಯಿ ಆಂಟಿ. ಹಬ್ಬದ ಹಿಂದಿನ ರಾತ್ರಿ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಉಣ್ಣುವ ಊಟ ಅವರ ಮನೆಯಲ್ಲಿ. ಕಲ್ಲು ಆರಿಸುವಾಗ ಕಾಕ್ ಸೋಮ್ ಎಂದಿನಂತೆ ಸಿನ್ಸೆಯ ಮಾತು ಕೇಳಿದ್ದರು. "ಅಯ್ಯೋ, ನಾವು ಅದನ್ನೆಲ್ಲ ಬಿಟ್ಟು ಯಾವ ಕಾಲ ಆಯ್ತು. ನನ್ ಮಗ ಹಲ್ಲಿನ ಡಾಕ್ಟ್ರು," ಎಂದಿದ್ದರು ಆಂಟಿ. ಮಗ ಹಲ್ಲಿನ ಡಾಕ್ಟರಾದರೆ ಕಟ್ಟೆಯ ಉದ್ದಕ್ಕೇನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಕಾಕ್ ಸೋಮ್ ತಮ್ಮ ಟೇಪಿನಲ್ಲೇ ಕೆಂಪಿಗೆ ನಿಲ್ಲಿಸಿ ಕೊಯ್ಯಿಸಿ, ಎರಡು ತುಂಡಿನ ಕಟ್ಟೆ ಕೂರಿಸಿ ಬಂದರು. ಆಮೇಲೆ ಆಂಟಿಯ ಮೊಮ್ಮಗ ಬೈಕಿನಿಂದ ಬಿದ್ದು ಕೈ ಮುರಿದುಕೊಂಡ. ಆಂಟಿಗೆ ಜೀವ ನಿಲ್ಲಲಿಲ್ಲ, ಸಿನ್ಸೆಯನ್ನು ಕರೆಸಿಯೇಬಿಟ್ಟರು. ಆತ ಕಾಕ್ ಸೋಮ್ ಅಳೆದ ಹಾಗೆ ಗೋಡೆಗೆ ಅಂಟಿಸಿದ ಟೈಲಿನ ಬಿಲ್ಲೆ ಬಿಟ್ಟು ಅಳೆಯಲಿಲ್ಲ, ಬಿಲ್ಲೆಯ ದಪ್ಪವನ್ನೂ ಸೇರಿಸಿ ಅಳೆದ. ಕಿಟಕಿ ಕಡೆಯ ಗಿಡ್ಡ ತುಂಡಿನ ತುದಿ ಒಂದು ಬೆರಳಷ್ಟು ದಾಟಿ ಕಪ್ಪಿಗೆ ಬಿತ್ತು. ಆ ಕಪ್ಪು ಮನೆಯಲ್ಲಿ ಬರೆದಿದ್ದದ್ದು ಕಾಯಿಲೆ ಎಂದು.

ಕಾಕ್ ಸೋಮ್ ಮತ್ತು ಸೆಲ್ಲಮುತ್ತು ಹೋಗುವ ಹೊತ್ತಿಗೆ ಆಂಟಿ ಪಕ್ಕದ ಮನೆ ರಿಪೇರಿಯವರಿಂದ ಗ್ರೈಂಡರನ್ನೂ ತರಿಸಿಟ್ಟಿದ್ದರು. ಮೇಜಿನ ತುಂಬ ಹಬ್ಬದ ಬಿಸ್ಕತ್ತಿನ ಡಬ್ಬಗಳು, ಬಾಗಿಲಿಗೆ ಕೆಂಪು ಬಟ್ಟೆ.

"ಸೋಮ್, ಬೈಬೇಡ. ತಪ್ಪು ನಂದೇ. ಒಂದು ಬೆರಳು, ಅಷ್ಟೇ. ಇಲ್ಲೇ ತೆಗೆದುಬಿಡಿ."

"ಇಲ್ಲಿ ಆಗಲ್ಲ, ಆಂಟಿ."

"ಬಾಗಿಲು ಹಾಕ್ಕೋತೀನಿ, ಡಬ್ಬಕ್ಕೆಲ್ಲ ಬಟ್ಟೆ ಮುಚ್ತೀನಿ. ಒಂಚೂರೂ ಧೂಳಾಗಲ್ಲ."

ಡಬ್ಬಗಳಿಗೆ ಬಟ್ಟೆ ಮುಚ್ಚುವ ಆಂಟಿಗೆ ಕೊಯ್ಯುವವನ ಮೂಗು ನೆನಪಿಗೆ ಬರಲಿಲ್ಲ. ಕೆಟ್ಟ ಹೆಂಗಸೇನಲ್ಲ, ಯಾರೂ ಹೇಳಿರಲಿಲ್ಲ ಅಷ್ಟೆ. ಸೆಲ್ಲಮುತ್ತು ಆಗಲೇ ಗ್ರೈಂಡರ್ ಎತ್ತಿಕೊಂಡಿದ್ದ. "ಬಿಡಕ್ಕಾ, ಐದು ನಿಮಿಷದ ಕೆಲಸ. ಕಲ್ಲು ಕೀಳೋಕೆ ಹೋಗಿ ಒಡೆದ್ರೆ ಏನ್ಮಾಡ್ತೀಯ? ಈ ಬಣ್ಣ ಅಂಗಳದಲ್ಲಿ ಇನ್ನೊಂದಿಲ್ಲ, ಹಬ್ಬದೊಳಗೆ ತರಿಸೋಕೂ ಆಗಲ್ಲ. ಆಂಟಿ ಮನೆ ಊಟ ಬೀದೀಲಿ ಆಗುತ್ತೆ."

ಅವನು ಹೇಳಿದ್ದು ಸುಳ್ಳಲ್ಲ. ಅಂಟಿಸಿದ ಕಲ್ಲನ್ನು ಎಬ್ಬಿಸುವಾಗ ನೆಟ್ಟಗೆ ಎರಡು ಹೋಳಾಗುವುದು ಹೊಸತೇನಲ್ಲ. ತೌಕೆಯೂ ಫೋನಿನಲ್ಲಿ ಬಂದರು. ಅವರೂ ಚೂಯಿ ಆಂಟಿಯೂ ಒಂದೇ ಗುಡಿಯ ಸಮಿತಿಯವರು, ಹಬ್ಬದ ಹೊತ್ತಿಗೆ ಮುಖ ಕೆಡಿಸಿಕೊಳ್ಳಲಾಗದು. "ಸೋಮ್, ಇದೊಂದ್ಸಲ ಬಿಟ್ಬಿಡು. ಹಬ್ಬದ ಮುಂಚೆ ಗಲಾಟೆ ಬೇಡ."

"ಆಯ್ತು ತೌಕೆ, ನೀವೇ ಬಂದು ಗ್ರೈಂಡರ್ ಹಿಡೀರಿ. ನಾನು ಲೈಟ್ ಹಾಕಿಟ್ಟಿರ್ತೀನಿ."

ಅಷ್ಟು ಹೇಳಿ ಫೋನಿಟ್ಟರು. ಕಾಕ್ ಸೋಮ್ ಸೆಲ್ಲಮುತ್ತುವಿನ ಕೈಯಿಂದ ಗ್ರೈಂಡರ್ ತೆಗೆದು, ವೈರು ಸುತ್ತಿ, ಅದನ್ನು ಆಂಟಿಯ ಮಡಿಲಲ್ಲಿ ಇಟ್ಟರು.

"ಆಂಟಿ, ಕಪ್ಪು ಮನೇಲಿ ಏನು ಬರ್ದಿದೆ ಅಂದ್ರಿ? ಕಾಯಿಲೆ ಅಲ್ವಾ? ನಿಮ್ಮನೇಗೆ ಕಾಯಿಲೆ ಬರ್ಬಾರ್ದು ಅಂತ ಇವನ ಎದೆಗೆ ಹಾಕಿ ಕಳಿಸ್ತೀರಾ? ನಮ್ಮೆಜಮಾನ್ರಿಗೆ ಹಿಂಗೇ ಒಂದೊಂದು ಮನೆಯವ್ರು ಐದೈದು ನಿಮಿಷ ಕೊಟ್ರು. ಈಗ ಅವ್ರು ಎರಡು ಮೆಟ್ಲು ಹತ್ತಿ ಕೂತ್ಕೋತಾರೆ."

ಹೇಳುವಾಗ ದನಿ ಏರಿಸಲಿಲ್ಲ. ಆಂಟಿ ಗ್ರೈಂಡರನ್ನು ಮಡಿಲಲ್ಲಿ ಇಟ್ಟುಕೊಂಡು ಸೆಲ್ಲಮುತ್ತುವಿನ ಮುಖ ನೋಡಿದರು. ಆಮೇಲೆ, "ಒಡೆದ್ರೆ?" ಎಂದರು.

"ಒಡೆದ್ರೆ ಹಲಗೆ ಹಾಕ್ಕೊಡ್ತೀನಿ, ಅದ್ರ ಮೇಲೇ ಅಡಿಗೆ ಮಾಡಿ. ಪಾತ್ರೆ ತೊಳೆಯೋಕೆ ನಾನೇ ಬರ್ತೀನಿ."

ಕಲ್ಲು ಎಬ್ಬಿಸಲು ಕಾಕ್ ಸೋಮ್ ಉಳಿ ಮುಟ್ಟುವುದಿಲ್ಲ. ಮೀನು ಹಿಡಿಯುವ ಗಾಳದ ದಾರ ತಂದು ಕಲ್ಲಿನ ಅಡಿಗೆ ತೂರಿಸಿದರು. ಆ ತುದಿ ಸೆಲ್ಲಮುತ್ತು, ಈ ತುದಿ ಇವರು, ಅತ್ತಿಂದಿತ್ತ ಎಳೆಯುತ್ತ ಅಂಟನ್ನು ಕೊಯ್ದರು. ದಾರ ಎರಡು ಸಲ ತುಂಡಾಯಿತು. ಸೆಲ್ಲಮುತ್ತು ಒಂದು ಎಳೆತಕ್ಕೆ ಒಂದು ಬೈಗುಳದಂತೆ ಬೈಯುತ್ತಿದ್ದ. ಅರ್ಧ ಬೆಳಗು ಕಳೆದ ಮೇಲೆ ಕಲ್ಲು ಅಲುಗಿತು. ಎತ್ತುವಾಗ ಟಪ್ ಎಂದು ಸದ್ದಾಯಿತು. ಆಂಟಿ ಕಣ್ಣು ಮುಚ್ಚಿಕೊಂಡರು. ಒಡೆದದ್ದು ಕಲ್ಲಲ್ಲ, ಅದರ ಮೇಲಿನ ಗೋಡೆಯ ಎರಡು ಬಿಲ್ಲೆ. ಆಂಟಿಗೆ ಆಗ ಸಿಟ್ಟು ಬಂತು. ಹೊಸ ಬಿಲ್ಲೆ, ತುಂಬಾ ಹುಡುಕಿ ತಂದದ್ದು, ನೆಂಟರೆಲ್ಲ ನೋಡುತ್ತಾರೆ ಎಂದು ಒಂದೇ ಸಮನೆ ಅಂದರು. ಕಾಕ್ ಸೋಮ್ ತಲೆ ತಗ್ಗಿಸಿ ಎಲ್ಲ ಅನ್ನಿಸಿಕೊಂಡರು. ಅನ್ನಿಸಿಕೊಳ್ಳುತ್ತಲೇ ಕಲ್ಲಿಗೆ ಕಂಬಳಿ ಸುತ್ತಿದರು.

ತುಂಡನ್ನು ಲಾರಿಯಲ್ಲಿ ನಿಲ್ಲಿಸಿಕೊಂಡು ಅಂಗಳಕ್ಕೆ ತಂದರು. ಗರಗಸದ ಮೇಲೆ ನೀರು ಧಾರಾಳವಾಗಿ ಸುರಿಯಿತು, ಬೆರಳಷ್ಟು ಅಗಲದ ಕಲ್ಲಿನ ಪಟ್ಟಿ ಬೂದು ಕೆಸರಿನೊಂದಿಗೆ ಮೆಲ್ಲಗೆ ಕೆಳಗೆ ಬಿತ್ತು. ಸಂಜೆಯೊಳಗೆ ಕಟ್ಟೆ ಮತ್ತೆ ಕಿಟಕಿಯ ಪಕ್ಕ ಕೂತಿತ್ತು. ಸಿನ್ಸೆ ಟೇಪು ಹಿಡಿದ, ಕೆಂಪಿಗೆ ನಿಂತಿತು. ಒಡೆದ ಬಿಲ್ಲೆಗಳ ಮೇಲೆ ಆಂಟಿ ಹೊಸವರ್ಷದ ಕ್ಯಾಲೆಂಡರ್ ನೇತುಹಾಕಿದರು. ಹಬ್ಬದ ಹಿಂದಿನ ರಾತ್ರಿಯ ಊಟಕ್ಕೆ ಅದರ ಅಡಿಯಲ್ಲೇ ಮೀನು ಬೆಂದಿತು.

ಹಬ್ಬ ಕಳೆದ ಮೇಲೆ ಆಂಟಿ ಒಂದು ಬುಟ್ಟಿ ಕಿತ್ತಳೆ ಹಿಡಿದು ಅಂಗಳಕ್ಕೆ ಬಂದರು. ಜೊತೆಗೆ ತಂಗಿ, ತಂಗಿಯ ಒಲೆ, ತಂಗಿಯ ಸಿಂಕು, ಕಾರಿನ ಮುಂದಿನ ಸೀಟಿನಲ್ಲಿ ಸೀಟುಬೆಲ್ಟು ಕಟ್ಟಿಕೊಂಡು ಸಿನ್ಸೆ. ತೌಕೆ ಪತ್ರಿಕೆ ಮಡಿಸಿಟ್ಟು ಎದ್ದು ಬಂದು ತಾವೇ ಕುರ್ಚಿ ಹಾಕಿದರು. ಕಿತ್ತಳೆಯ ಅರ್ಧ ಭಾಗವನ್ನು ಆಂಟಿ ಬೇರೆ ಕಟ್ಟಿ, "ಇದು ನಿಮ್ಮೆಜಮಾನ್ರಿಗೆ" ಎಂದು ಸ್ಕೂಟರಿನ ಮುಂದೆ ಸಿಕ್ಕಿಸಿ ಹೋದರು.

ವರ್ಷಕ್ಕೊಮ್ಮೆ ಕೊಯ್ಯುವವರ ಎದೆಯ ಚಿತ್ರ ತೆಗೆಸಬೇಕು ಎನ್ನುವುದೂ ಕಾಕ್ ಸೋಮ್ ಹಾಕಿದ ಕಟ್ಟಳೆ. ಕಳೆದ ವಾರ ಸೆಲ್ಲಮುತ್ತುವಿನ ಸರದಿ. ಹೋಗುವಾಗ ಅರ್ಧ ದಿನ ಹಾಳು ಎಂದು ಬೈದ. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಷ್ಟು ಹೊತ್ತು ಮಾತ್ರ ಸುಮ್ಮನಿದ್ದ, ಕಾಕ್ ಸೋಮ್ ಅವರ ಚೀಲದ ಹಿಡಿಕೆಯನ್ನು ಮಗುವಿನ ಹಾಗೆ ಹಿಡಿದುಕೊಂಡು. ಎದೆ ಶುದ್ಧವಾಗಿದೆ, ಏನೂ ಇಲ್ಲ ಎಂದರು ಡಾಕ್ಟರು. ಹೊರಗೆ ಬಂದು ಕಾಕ್ ಸೋಮ್ ಗೋಡೆಗೆ ಒರಗಿ ನಿಂತರು, ಕಣ್ಣು ಒರೆಸಿಕೊಂಡರು. ಸೆಲ್ಲಮುತ್ತು ಪಕ್ಕದಲ್ಲೇ ನಿಂತು, ಏನೂ ಇಲ್ಲದ್ದಕ್ಕೆ ಇಷ್ಟು ದೂರ ಕರೆತಂದರಲ್ಲ, ಈ ಬಿಸಿಲಲ್ಲಿ, ಊಟದ ಹೊತ್ತಲ್ಲಿ, ಬಸ್ಸೂ ಇಲ್ಲದ ಕಡೆ ಎಂದು ಮತ್ತೆ ಶುರು ಮಾಡಿದ.

ಇಷ್ಟೊಂದು ಬೈಸಿಕೊಂಡು ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ ಕಾಕ್ ಸೋಮ್ ನಗುತ್ತಾರೆ.

"ಬೈಲಿ ಬಿಡಿ. ಅಷ್ಟುದ್ದದ ಬೈಗುಳ, ಒಂದೇ ಉಸಿರಿಗೆ ಬೈತಾನೆ ನೋಡಿ."